ಅಂಗಳದ ಮಣ್ಣು ಹಿಡಿಯಲು ಒಂದೆಲಗದ ಹೊದಿಕೆ

ಕೊಡಗಿನಲ್ಲಿ ಮನೆಯ ಸುತ್ತಲಿನ ನೆಲವನ್ನು ಬರಿದಾಗಿ ಬಿಟ್ಟರೆ ಅದರ ಪರಿಣಾಮವನ್ನು ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಯಲ್ಲಿ ಕಣ್ಣಾರೆ ನೋಡಬೇಕಾಗುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮಡಿಕೇರಿಯಂಥ ಊರಿನಲ್ಲಿ ಹೆಂಚಿನ ಸೂರಿನಿಂದ ಬೀಳುವ ನೀರು ನೆಲವನ್ನು ಕೊರೆದು, ಕೆಮ್ಮಣ್ಣನ್ನು ಗೋಡೆಗೆ ಎರಚಿ, ವರ್ಷವಿಡೀ ಹಾಕಿದ ಗೊಬ್ಬರವನ್ನೆಲ್ಲ ಚರಂಡಿಗೆ ಸೇರಿಸುತ್ತದೆ. ಇದಕ್ಕೆ ಸಿಮೆಂಟು ಹಾಸುವುದೊಂದೇ ದಾರಿ ಎಂದು ಭಾವಿಸಿದವರು ಅನೇಕರಿದ್ದಾರೆ. ಆದರೆ ಹಾಸಿದ ಸಿಮೆಂಟು ನೀರನ್ನು ಇಂಗಲು ಬಿಡದೆ ಕೆಳಗಿನ ಮನೆಯವರ ಅಂಗಳಕ್ಕೆ ದಾಟಿಸುತ್ತದೆ. ನೆಲಕ್ಕೆ ಅಂಟಿಕೊಂಡು ಹಬ್ಬುವ, ವರ್ಷ ವರ್ಷವೂ ಉಳಿಯುವ ಒಂದು ಗಿಡವನ್ನು ಹೊದಿಕೆಯಾಗಿ ಬೆಳೆಸುವುದು ಇದಕ್ಕಿಂತ ಮೇಲು.

ಹೊರದೇಶದ ತೋಟಗಾರಿಕೆ ಪುಸ್ತಕಗಳಲ್ಲಿ ಇಂಥ ಜಾಗಕ್ಕೆ ಲೇಡೀಸ್ ಮ್ಯಾಂಟಲ್ ಎಂಬ ಗಿಡವನ್ನು ಸೂಚಿಸಿರುವುದನ್ನು ಓದುಗರು ಕಂಡಿರಬಹುದು. ಗುಲಾಬಿಯ ಕುಟುಂಬಕ್ಕೆ ಸೇರಿದ, ಟರ್ಕಿ ಮತ್ತು ಕಾರ್ಪೇಥಿಯನ್ ಪರ್ವತಗಳ ಕಡೆಯ ಈ ಗಿಡ 30ರಿಂದ 45 ಸೆಂಟಿಮೀಟರ್ ಎತ್ತರಕ್ಕೆ ಬೆಳೆದು, ನವಿರು ರೋಮಗಳಿರುವ ಎಲೆಗಳ ಮೇಲೆ ನೀರಿನ ಹನಿಗಳನ್ನು ಹಿಡಿದಿಟ್ಟುಕೊಳ್ಳುವ ಬಗೆಯಿಂದಾಗಿ ಜನಪ್ರಿಯವಾಗಿದೆ. ಅದು ಕೊರೆಯುವ ಚಳಿಗಾಲವಿರುವ, ತಂಪಾದ ಬೇಸಿಗೆಯಿರುವ ನಾಡಿನ ಗಿಡ; ಸೆಖೆ ಮತ್ತು ತೇವ ಒಟ್ಟಾಗಿ ಬರುವುದು ಅದಕ್ಕೆ ಒಗ್ಗುವುದಿಲ್ಲ. ಬೀಜ ತರಿಸಿ ಕಷ್ಟಪಡುವ ಬದಲು ನಮ್ಮ ಗದ್ದೆಯ ಬದುಗಳಲ್ಲಿ ತಾನಾಗಿ ಬೆಳೆಯುವ ಒಂದೆಲಗವನ್ನು ಅಂಗಳಕ್ಕೆ ತರುವುದು ಸರಿಯಾದ ಆಯ್ಕೆಯೆಂದು ನಾನು ದೃಢವಾಗಿ ನಂಬುತ್ತೇನೆ. ಇದರ ದುಂಡನೆಯ, ಅಂಚಿನಲ್ಲಿ ಸಣ್ಣ ಕಚ್ಚುಗಳಿರುವ ಎಲೆಗಳು ನೋಟದಲ್ಲಿಯೂ ಕಡಿಮೆಯಿಲ್ಲ, ಅಡುಗೆಮನೆಗೂ ಒದಗುತ್ತವೆ.

ಜಾಗದ ಆಯ್ಕೆ

ಬೆಳಗಿನ ಮೂರು ನಾಲ್ಕು ಗಂಟೆ ಎಳೆಬಿಸಿಲು ಬಿದ್ದು ಮಧ್ಯಾಹ್ನದ ನಂತರ ನೆರಳು ಬರುವ ಜಾಗ ಒಂದೆಲಗಕ್ಕೆ ಪ್ರಶಸ್ತ. ಮನೆಯ ಪೂರ್ವ ಮತ್ತು ಉತ್ತರ ದಿಕ್ಕುಗಳು, ಅಡಿಕೆ ಮರಗಳ ಬುಡ, ನೀರಿನ ತೊಟ್ಟಿಯ ಆಸುಪಾಸು, ಇವೆಲ್ಲ ಆಗಬಹುದು. ದಟ್ಟ ನೆರಳಿನಲ್ಲಿ ಗಿಡ ಸಾಯುವುದಿಲ್ಲವಾದರೂ ಎಲೆಯ ತೊಟ್ಟು ಉದ್ದವಾಗಿ ಹೊದಿಕೆ ತೆಳುವಾಗುತ್ತದೆ. ಸೋಪಿನ ನೀರು ಹರಿದುಬರುವ ಬಚ್ಚಲಿನ ಹಿಂಭಾಗ, ವಾಹನ ನಿಲ್ಲಿಸುವ ಕಡೆ ಮತ್ತು ರಸ್ತೆಯ ಚರಂಡಿಯ ಅಂಚು ಬೇಡ. ಒಂದೆಲಗವು ಮಣ್ಣಿನಲ್ಲಿರುವ ಸೀಸದಂಥ ಭಾರಲೋಹಗಳನ್ನು ಎಲೆಯವರೆಗೂ ಎಳೆದುಕೊಳ್ಳಬಲ್ಲ ಗಿಡವಾದ್ದರಿಂದ, ತಿನ್ನುವ ಉದ್ದೇಶವಿದ್ದರೆ ಈ ವಿಷಯದಲ್ಲಿ ಸಡಿಲ ಬಿಡಬಾರದು.

ನಡೆದಾಡುವ ದಾರಿಗೂ ಇದು ಹೊಂದುವುದಿಲ್ಲ. ಹುಲ್ಲಿನಂತೆ ತುಳಿತವನ್ನು ತಾಳುವ ಶಕ್ತಿ ಇದಕ್ಕಿಲ್ಲವಾದ್ದರಿಂದ, ಓಡಾಟವಿರುವ ಕಡೆ ಚಪ್ಪಡಿ ಕಲ್ಲುಗಳನ್ನು ಬಿಡಿಬಿಡಿಯಾಗಿ ಹಾಸಿ, ನಡುವಿನ ಸಂದುಗಳಲ್ಲಿ ಮಾತ್ರ ನೆಡಬೇಕು.

ಬಳ್ಳಿಯನ್ನು ಗುರುತಿಸಿ ತರುವುದು

ಬೀಜದಿಂದ ಬೆಳೆಸುವುದು ನಿಧಾನದ ಕೆಲಸ. ಬೇರು ಬಿಟ್ಟ ಬಳ್ಳಿಯೇ ಉತ್ತಮ. ನೆಲದ ಮೇಲೆ ಹರಿದ ಒಂದು ಬಳ್ಳಿಯನ್ನು ಮೆಲ್ಲಗೆ ಎತ್ತಿ ನೋಡಿದರೆ, ಕೆಂಪು ಛಾಯೆಯ ತೆಳುವಾದ ದಂಟಿನಲ್ಲಿ ಬೆರಳುದ್ದಕ್ಕೊಂದರಂತೆ ಗಿಣ್ಣುಗಳಿದ್ದು, ಪ್ರತಿ ಗಿಣ್ಣಿನ ಮೇಲ್ಭಾಗದಲ್ಲಿ ಎರಡು ಮೂರು ಎಲೆಗಳೂ ಕೆಳಭಾಗದಲ್ಲಿ ಬಿಳಿಯ ಎಳೆಬೇರುಗಳೂ ಹೊರಟಿರುತ್ತವೆ. ಈ ಬೇರುಗಳೇ ಬಳ್ಳಿಯನ್ನು ಅಲ್ಲಲ್ಲಿ ಹೊಲಿಗೆ ಹಾಕಿದಂತೆ ನೆಲಕ್ಕೆ ಬಿಗಿಯುವುದು, ಮಣ್ಣನ್ನು ಹಿಡಿಯುವುದು. ಎಲೆಗಳನ್ನು ಸರಿಸಿ ಬುಡದಲ್ಲಿ ನೋಡಿದರೆ ನಸುಗೆಂಪಿನ ಅತಿ ಸಣ್ಣ ಹೂಗಳ ಗೊಂಚಲು ಮಣ್ಣಿಗೆ ತಾಗುವಷ್ಟು ಕೆಳಗೆ ಅಡಗಿರುವುದು ಕಾಣಿಸುತ್ತದೆ.

ನರ್ಸರಿಗಳಲ್ಲಿ ಇದನ್ನೇ ಹೋಲುವ ಬೇರೆ ಗಿಡಗಳೂ ಸಿಗುತ್ತವೆ. ತೊಟ್ಟು ಎಲೆಯ ನಟ್ಟನಡುವೆ ಅಡಿಯಿಂದ ಸೇರಿದ್ದು, ಎಲೆ ನಾಣ್ಯದಂತೆ ಪೂರ್ಣ ದುಂಡಾಗಿದ್ದರೆ ಅದು ನೀರುತೊಟ್ಟಿಗಳಲ್ಲಿ ಅಲಂಕಾರಕ್ಕೆ ಬೆಳೆಸುವ ಹೈಡ್ರೊಕಾಟೈಲ್. ಒಂದೆಲಗದ ಎಲೆಯಲ್ಲಿ ತೊಟ್ಟು ಸೇರುವ ಕಡೆ ಒಂದು ಕಂಡಿ ಇದ್ದೇ ಇರುತ್ತದೆ. ದಪ್ಪನೆಯ ಚಿಕ್ಕ ಎಲೆ ಮತ್ತು ಬಿಳಿ ಹೂವಿನ ನೀರುಬ್ರಾಹ್ಮಿ ಇನ್ನೊಂದು ಜಾತಿ. ಗದ್ದೆಯಿಂದ ತರುವುದಾದರೆ ಆ ಬದುವಿಗೆ ಕಳೆನಾಶಕ ಸಿಂಪಡಿಸಿಲ್ಲವೆಂದು ಗದ್ದೆಯವರಲ್ಲಿ ಕೇಳಿ ತಿಳಿದುಕೊಂಡೇ ತರಬೇಕು.

ಇಲ್ಲಿ ಒಂದು ಮಾತನ್ನು ಸೇರಿಸುವುದು ಅಗತ್ಯವೆನಿಸುತ್ತದೆ. ಹಳದಿ ಹೂ ಬಿಡುವ ವೆಡೇಲಿಯ ಬಳ್ಳಿಯನ್ನು ಬೇಗ ಹಬ್ಬುತ್ತದೆಂಬ ಕಾರಣಕ್ಕೆ ಅನೇಕರು ಅಂಗಳದಲ್ಲಿ ನೆಡುತ್ತಾರೆ. ಜಗತ್ತಿನ ಅತಿ ಹಾನಿಕರವಾದ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಹೆಸರಿರುವ ಈ ಗಿಡದ ತುಂಡೊಂದು ಮಳೆನೀರಿನಲ್ಲಿ ತೋಡಿಗೆ ಸೇರಿದರೂ ಸಾಕು, ಅಲ್ಲಿ ಬೇರೂರಿ ದಡವನ್ನೆಲ್ಲ ಆವರಿಸುತ್ತದೆ. ಕಾವೇರಿಗೆ ನೀರುಣಿಸುವ ತೊರೆಗಳ ಪಕ್ಕದಲ್ಲಿ ಬದುಕುವ ನಾವು ಅದನ್ನು ನೆಡಲೇಬಾರದು.

ನೆಡುವ ಕಾಲ

ಜೂನ್ ತಿಂಗಳಲ್ಲಿ, ಮಳೆ ಹಿಡಿದ ಮೇಲೆ ನೆಡುವುದು ಸಾಮಾನ್ಯ ರೂಢಿ. ಕೊಡಗಿನ ಮಟ್ಟಿಗೆ ಇದು ತಪ್ಪು ಕಾಲ. ಬೇರು ಕಚ್ಚುವ ಮೊದಲೇ ರಭಸದ ಮಳೆ ತುಂಡುಗಳನ್ನು ಕಿತ್ತೊಯ್ಯುತ್ತದೆ. ಏಪ್ರಿಲ್‌ನ ಮಳೆಗಳು ಸಕಾಲಕ್ಕೆ ಬಂದು ನೆಲ ಹದವಾದರೆ ಆಗಲೇ ನೆಟ್ಟು, ಜೂನ್‌ಗೆ ಮುಂಚೆ ಆರೇಳು ವಾರಗಳ ಬೆಳವಣಿಗೆ ಪಡೆಯಬಹುದು. ಆದರೆ ನನ್ನ ಒಲವು ಕೊಡವರ ಕೈಲ್‌ಪೊಳ್ದ್ ಹಬ್ಬ ಮುಗಿದ ಮೇಲಿನ ಸೆಪ್ಟೆಂಬರ್ ದಿನಗಳ ಕಡೆಗೆ. ಆಗ ಮಣ್ಣು ತಂಪಾಗಿರುತ್ತದೆ, ಮಳೆಯ ಆರ್ಭಟ ಇಳಿದಿರುತ್ತದೆ, ತುಲಾ ಸಂಕ್ರಮಣದ ಆಚೀಚೆ ಬರುವ ಹಿಂಗಾರಿನ ಮಳೆಗಳು ನೀರೆರೆಯುವ ಕೆಲಸವನ್ನೂ ಹಗುರಾಗಿಸುತ್ತವೆ. ಸೆಪ್ಟೆಂಬರಿನಲ್ಲಿ ನೆಟ್ಟದ್ದು ನವೆಂಬರ್-ಡಿಸೆಂಬರಿನ ಪುತ್ತರಿ ಹಬ್ಬದ ಹೊತ್ತಿಗೆ ಒಂದಕ್ಕೊಂದು ಕೂಡಿಕೊಳ್ಳತೊಡಗಿ, ಮುಂದಿನ ಮಳೆಗಾಲಕ್ಕೆ ನೆಲ ಕಾಣದಷ್ಟು ಮುಚ್ಚಿರುತ್ತದೆ. ಮಡಿಕೇರಿಗಿಂತ ಎಷ್ಟೋ ಕಡಿಮೆ ಮಳೆಯಾಗುವ ಕುಶಾಲನಗರದ ಕಡೆಯವರು ಮಾತ್ರ ಜೂನ್‌ನಲ್ಲಿಯೂ ಧೈರ್ಯವಾಗಿ ನೆಡಬಹುದು.

ನೆಲದ ಸಿದ್ಧತೆ ಮತ್ತು ನಾಟಿ

ಮೊದಲು ಗರಿಕೆ ಮತ್ತು ಕೊನ್ನಾರಿಯನ್ನು ಗಡ್ಡೆಸಹಿತ ತೆಗೆಯಬೇಕು. ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವ ಹಂತವಿದು. ಒಂದೆಲಗ ಹಬ್ಬಿದ ಮೇಲೆ ಅದರ ನಡುವಿನಿಂದ ಕೊನ್ನಾರಿಯನ್ನು ಕೀಳಲು ಹೋದರೆ ಬಳ್ಳಿಯೂ ಜೊತೆಗೇ ಕಿತ್ತುಬರುತ್ತದೆ. ಆದ್ದರಿಂದ ಒಮ್ಮೆ ಕಿತ್ತು, ಎರಡು ವಾರ ಕಾದು, ಮತ್ತೆ ಮೊಳೆತುದನ್ನು ಇನ್ನೊಮ್ಮೆ ಕಿತ್ತ ಬಳಿಕವೇ ಮುಂದಿನ ಕೆಲಸಕ್ಕೆ ಕೈಹಾಕಬೇಕು.

ಮಣ್ಣನ್ನು 10ರಿಂದ 15 ಸೆಂಟಿಮೀಟರ್ ಆಳಕ್ಕಷ್ಟೇ ಸಡಿಲಿಸಿ, ಚದರ ಮೀಟರಿಗೆ ಎರಡು ಮೂರು ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಬೇಕು. ಕಾಫಿ ಸಿಪ್ಪೆಯನ್ನು ಬಳಸುವುದಾದರೆ ಅದು ಪೂರ್ಣವಾಗಿ ಕೊಳೆತು ಕಪ್ಪಾಗಿರಬೇಕು. ಹಸಿ ಸಿಪ್ಪೆ ಬಿಸಿಯೇರಿ ಎಳೆಬೇರುಗಳನ್ನು ಸುಡುತ್ತದೆ. ನಮ್ಮ ಮಣ್ಣಿನ ಹುಳಿಗುಣವನ್ನು ಒಂದೆಲಗ ಸಹಿಸಿಕೊಳ್ಳುವುದರಿಂದ ಸುಣ್ಣ ಹಾಕುವ ಅವಸರ ಬೇಡ.

ಎಲೆಗಳಿರುವ ಒಂದೊಂದು ಗಿಣ್ಣನ್ನು ಬೇರುಸಹಿತ ಕತ್ತರಿಸಿಕೊಂಡು, ಸಮತಟ್ಟಾದ ಜಾಗದಲ್ಲಿ 20 ಸೆಂಟಿಮೀಟರಿಗೊಂದರಂತೆ ನೆಟ್ಟರೆ ಚದರ ಮೀಟರಿಗೆ 25 ತುಂಡುಗಳು ಬೇಕಾಗುತ್ತವೆ. ಇಳಿಜಾರಿದ್ದರೆ ಅಂತರವನ್ನು 15 ಸೆಂಟಿಮೀಟರಿಗೆ ಇಳಿಸಿ, ಮೇಲಿನ ಸಾಲಿನ ಎರಡು ಗಿಡಗಳ ನಡುವಿನ ತೆರಪಿಗೆ ಕೆಳಸಾಲಿನ ಗಿಡ ಬರುವಂತೆ ನೆಡಬೇಕು. ಬೇರು ಮಣ್ಣಿನೊಳಗೆ, ಎಲೆಗಳು ಹುಟ್ಟುವ ಬುಡ ಮಣ್ಣಿನ ಮಟ್ಟದಲ್ಲಿ. ಬುಡ ಹೂತುಹೋದರೆ ಕೊಳೆಯುತ್ತದೆ. ನೆಟ್ಟ ಕೂಡಲೇ ಹೆಬ್ಬೆರಳಿನಿಂದ ಸುತ್ತಲೂ ಒತ್ತಿ, ಸಣ್ಣ ಹನಿಯ ಪೂವಾಲಿಯಲ್ಲಿ ನೀರುಣಿಸಬೇಕು. ಕೋಳಿ ಸಾಕಿದವರು ಒಂದು ತಿಂಗಳ ಮಟ್ಟಿಗೆ ಬಲೆ ಮುಚ್ಚುವುದು ಒಳ್ಳೆಯದು. ಸಡಿಲ ಮಣ್ಣನ್ನು ಕಂಡರೆ ಅವು ಕೆದಕದೆ ಬಿಡುವುದಿಲ್ಲ.

ಮಾಡಿನ ನೀರು ನೇರವಾಗಿ ಬೀಳುವ ಸಾಲಿನಲ್ಲಿ ಯಾವ ಹೊದಿಕೆಗಿಡವೂ ನಿಲ್ಲಲಾರದು. ಅಲ್ಲಿ ಒಂದಡಿ ಅಗಲಕ್ಕೆ ಮುಷ್ಟಿಗಾತ್ರದ ಕಲ್ಲುಗಳನ್ನು ಹಾಸಿ, ಅದರ ಆಚೆಯಿಂದ ನಾಟಿ ಆರಂಭಿಸಬೇಕು. ಕಲ್ಲಿಗೆ ಬಿದ್ದು ಚೆದುರಿದ ನೀರನ್ನು ಒಂದೆಲಗ ತಡೆದು ಇಂಗಿಸುತ್ತದೆ.

ಇದರ ಮಿತಿಯನ್ನೂ ತಿಳಿದಿರಬೇಕು. ಈ ಬೇರುಗಳು ಆಳಕ್ಕೆ ಇಳಿಯುವಂಥವಲ್ಲ. ಮೇಲ್ಮಣ್ಣು ಕೊಚ್ಚಿಹೋಗುವುದನ್ನು ಅವು ತಡೆಯುತ್ತವೆಯೇ ಹೊರತು ಗುಡ್ಡ ಜಾರುವುದನ್ನಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯ ಹಿಂದೆ ಕಡಿದಾದ ಬರೆ ಇದ್ದರೆ ನೀರು ಹೊರಹೋಗುವ ಕಾಲುವೆ, ಆಳಬೇರಿನ ಮರಗಳು ಮತ್ತು ಲಾವಂಚ ಬೇಕು. ಅಗತ್ಯವಿದ್ದರೆ ತಜ್ಞರ ಸಲಹೆಯೂ ಬೇಕು.

ಮಳೆಗಾಲದಿಂದ ಬೇಸಿಗೆಯವರೆಗೆ

ಮಳೆಗಾಲದ ಮುಖ್ಯ ಶತ್ರು ಬಸವನಹುಳು. ಶನಿವಾರಸಂತೆಯ ಕಡೆಯ ಕಾಫಿ ಬೆಳೆಗಾರರನ್ನು ಕಾಡಿದ ಆಫ್ರಿಕದ ದೈತ್ಯ ಬಸವನಹುಳು ಇಂಥ ತಂಪು ಹೊದಿಕೆಯನ್ನು ಆಶ್ರಯಿಸುತ್ತದೆ. ಸಂಜೆ ಕತ್ತಲಾದ ಮೇಲೆ ಪಪ್ಪಾಯಿ ಎಲೆ ಅಥವಾ ಎಲೆಕೋಸಿನ ಸಿಪ್ಪೆಯನ್ನು ಗೋಣಿಚೀಲದಡಿ ಇಟ್ಟು, ಸೇರಿದ ಹುಳುಗಳನ್ನು ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕುವುದೇ ನಂಬಬಹುದಾದ ಉಪಾಯ. ಉಪ್ಪನ್ನು ನೆಲಕ್ಕೆ ಎರಚಬಾರದು, ಗಿಡ ಸಾಯುತ್ತದೆ. ಮೆದುಳಿಗೆ ಸೋಂಕು ತರಬಲ್ಲ ಪರಾವಲಂಬಿ ಹುಳುವನ್ನು ಇವು ಹೊತ್ತಿರಬಹುದಾದ್ದರಿಂದ ಬರಿಗೈಯಲ್ಲಿ ಮುಟ್ಟದೆ ಗ್ಲೌಸ್ ತೊಡಬೇಕು. ತಿನ್ನುವ ಸೊಪ್ಪಿನ ನಡುವೆ ವಿಷದ ಗುಳಿಗೆಗಳನ್ನು ಹಾಕುವುದು ಸರ್ವಥಾ ಸಲ್ಲದು.

ಚಳಿಗಾಲದಲ್ಲಿ ಸಿಲ್ವರ್ ಓಕ್‌ನ ತರಗೆಲೆ ದಪ್ಪವಾಗಿ ಬಿದ್ದರೆ ಕೈಯಿಂದ ತೆಗೆಯಬೇಕು, ಕುಂಟೆಯಿಂದ ಎಳೆದರೆ ಬಳ್ಳಿ ಕೀಳುತ್ತದೆ. ಫೆಬ್ರವರಿಯಿಂದ ವಾರಕ್ಕೆ ಎರಡು ಮೂರು ಬಾರಿ ನೀರು ಬೇಕು. ಕಾಫಿಯನ್ನು ಹೂಬಿಡಿಸುವ ಬೇಸಿಗೆಯ ಹೂಮಳೆ ತಡವಾಗಿ, ನೀರಿಗೂ ತತ್ವಾರವಾದ ವರ್ಷ ಎಲೆಗಳು ಹಳದಿಯಾಗಿ ಒಣಗಿದರೂ ಗಿಣ್ಣುಗಳಲ್ಲಿ ಜೀವ ಉಳಿದಿದ್ದರೆ ಮೊದಲ ಮಳೆಗೆ ಮತ್ತೆ ಚಿಗುರುತ್ತದೆ. ಗೊಬ್ಬರ ವರ್ಷಕ್ಕೆರಡು ಬಾರಿ, ಜರಡಿ ಹಿಡಿದ ಕಾಂಪೋಸ್ಟನ್ನು ತೆಳುವಾಗಿ ಉದುರಿಸಿದರೆ ಸಾಕು.

ಕೊಯ್ಲು ಮತ್ತು ನವೀಕರಣ

ನೆಟ್ಟು ಮೂರು ತಿಂಗಳ ಬಳಿಕ ಎಲೆ ಕೊಯ್ಯಬಹುದು. ಕೈಯಿಂದ ಕೀಳದೆ ಕತ್ತರಿಯಿಂದ, ತೊಟ್ಟಿನ ಬುಡ ಸ್ವಲ್ಪ ಉಳಿಯುವಂತೆ ಕತ್ತರಿಸಿ, ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯದಿದ್ದರೆ ಹೊದಿಕೆ ಹರಿಯುವುದಿಲ್ಲ. ನೆಲಕ್ಕೆ ತಾಗಿ ಬೆಳೆಯುವ ಸೊಪ್ಪಾದ್ದರಿಂದ ಎಲೆಗಳನ್ನು ಒಂದೊಂದಾಗಿ ಹಲವು ಬಾರಿ ತೊಳೆಯಬೇಕು. ಬಸವನಹುಳು ಕಂಡ ತಾಕಿನದನ್ನು ಹಸಿಯಾಗಿ ಅರೆಯದೆ, ಚೆನ್ನಾಗಿ ಬೇಯಿಸಿದ ಬಳಿಕವೇ ತಂಬುಳಿಗೆ ಬಳಸಬೇಕು. ಗರ್ಭಿಣಿಯರು, ಯಕೃತ್ತಿನ ತೊಂದರೆಯಿರುವವರು ಮತ್ತು ನಿದ್ರೆಯ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳದೆ ಇದನ್ನು ಔಷಧಿಯಂತೆ ನಿತ್ಯ ತೆಗೆದುಕೊಳ್ಳಬಾರದು.

ಎರಡು ಮೂರು ವರ್ಷಗಳಾಗುವಾಗ ನಡುಭಾಗದ ಹಳೆಯ ಬಳ್ಳಿಗಳು ಒತ್ತೊತ್ತಾಗಿ ಎಲೆ ಚಿಕ್ಕದಾಗತೊಡಗುತ್ತದೆ. ಸೆಪ್ಟೆಂಬರಿನಲ್ಲಿ ಅಂಥ ತಾಕುಗಳನ್ನು ಮಾತ್ರ ಅಗೆದು, ಹೊಸ ಗೊಬ್ಬರ ಸೇರಿಸಿ, ಅಂಚಿನ ಎಳೆಯ ಗಿಣ್ಣುಗಳನ್ನೇ ಮತ್ತೆ ನೆಡಬೇಕು. ಇಡೀ ಅಂಗಳವನ್ನು ಒಟ್ಟಿಗೆ ಅಗೆಯದೆ ಒಂದು ವರ್ಷ ಒಂದು ಭಾಗ, ಮರುವರ್ಷ ಇನ್ನೊಂದು ಭಾಗ ಎಂದು ಹಂಚಿಕೊಂಡರೆ ಯಾವ ಮಳೆಗಾಲದಲ್ಲಿಯೂ ನೆಲ ಬರಿದಾಗುವುದಿಲ್ಲ. ಉಳಿದ ಬಳ್ಳಿಗಳನ್ನು ಅಡಿಕೆಯ ಬುಡಕ್ಕೋ ಬಾವಿಕಟ್ಟೆಯ ಸುತ್ತಲಿಗೋ ಸಾಗಿಸಬಹುದು.