ಪರಾಗ ಕೆಡುವುದು ಒಣಗಿಸುವಾಗಲೇ

ಜೇನು ಪೆಟ್ಟಿಗೆ ಇಟ್ಟವರು, ನೊಣ ಹೂವಿನಿಂದ ತರುವ ಪರಾಗವನ್ನೂ ತಿನ್ನಲು ತೆಗೆಯಬಹುದು. ಬಾಗಿಲಿಗೆ ಒಂದು ಜಾಲರಿ ಕೂರಿಸಿದರೆ ಆಯಿತು. ಹೊರದೇಶದಿಂದ ಬಂದ ಮೆಲ್ಲಿಫೆರಾ ನೊಣಕ್ಕಾದರೆ ತೂತು ಸುಮಾರು 5 ಮಿಲಿಮೀಟರ್ ಇರಬೇಕು, ನಮ್ಮ ನಾಡಿನ ತುಡುವೆ ನೊಣಕ್ಕೆ ಇನ್ನೂ ಚಿಕ್ಕದು ಸಾಕು. ನೊಣ ಕಷ್ಟಪಟ್ಟು ನುಸುಳುವಾಗ ಹಿಂಗಾಲಿಗೆ ಅಂಟಿದ ಪರಾಗದ ಉಂಡೆ ಕಳಚಿ ಕೆಳಗಿನ ತಟ್ಟೆಗೆ ಬೀಳುತ್ತದೆ. ಹಾಗಂತ ಜಾಲರಿಯನ್ನು ಅಲ್ಲೇ ಬಿಟ್ಟುಬಿಡಬೇಡಿ. ಮರಿಗಳ ಬೆಳವಣಿಗೆಗೆ ಬೇಕಾದ ಪ್ರೋಟೀನ್ ಬರುವುದು ಪರಾಗದಿಂದಲೇ ಅಲ್ವಾ? ಹೂವು ಜಾಸ್ತಿ ಇರುವಾಗ, ನೊಣ ತುಂಬಿದ ಪೆಟ್ಟಿಗೆಗೆ ಮಾತ್ರ ಹಾಕಿ. ನಡುನಡುವೆ ತೆಗೆದಿಡಿ. ಮಳೆ ಬರುವಾಗ ಬೇಡವೇ ಬೇಡ.

ತಟ್ಟೆಯನ್ನು ದಿನವೂ ಸಂಜೆ ಖಾಲಿ ಮಾಡಿ. ಹಸಿ ಪರಾಗದಲ್ಲಿ ಶೇಕಡ 20ರಿಂದ 30ರಷ್ಟು ನೀರಿರುತ್ತದೆ, ರಾತ್ರಿ ಬಿಟ್ಟರೆ ಬೂಸ್ಟು ಹಿಡಿಯುತ್ತದೆ. ಸ್ವಚ್ಛವಾದ ಬಿಳಿ ಬಟ್ಟೆಯ ಮೇಲೆ ತೆಳ್ಳಗೆ ಹರಡಿ, ಗಾಳಿಯಾಡುವ ನೆರಳಿನಲ್ಲಿಡಿ. ಬೇಗ ಒಣಗಲಿ ಅಂತ ಬಿಸಿಲಿಗೆ ಹಾಕುವವರಿದ್ದಾರೆ. ಬಣ್ಣವೂ ಹೋಗುತ್ತದೆ, ಸತ್ವವೂ ಹೋಗುತ್ತದೆ. ಡ್ರೈಯರ್ ಇದ್ದರೆ 40 ಡಿಗ್ರಿ ಮೀರಿಸಬೇಡಿ. ಬೆರಳಲ್ಲಿ ಒತ್ತಿ ನೋಡಿ: ಒಂದಕ್ಕೊಂದು ಅಂಟಿದರೆ ಇನ್ನೂ ಹಸಿ. ಬಾಟಲಿಯಲ್ಲಿ ಹಾಕಿ ಅಲ್ಲಾಡಿಸಿದಾಗ ಕಾಳಿನ ಹಾಗೆ ಗಲಗಲ ಅಂದರೆ ಸಾಕು. ಆಮೇಲೆ ಕೂತು ಕಸ ಹೆಕ್ಕಿ ತೆಗೆಯಿರಿ. ನೊಣದ ಕಾಲು, ರೆಕ್ಕೆ, ಇರುವೆ ಎಲ್ಲ ಸಿಗುತ್ತವೆ. ಹಳದಿ, ಕಿತ್ತಳೆ, ಕಂದು ಉಂಡೆಗಳು ಬೆರೆತಿರುವುದು ಕಂಡರೆ ಗಾಬರಿ ಬೇಡ. ನೊಣ ಒಂದು ಸುತ್ತಿನಲ್ಲಿ ಸಾಮಾನ್ಯವಾಗಿ ಒಂದೇ ಜಾತಿಯ ಹೂವಿಗೆ ಹೋಗುತ್ತದೆ, ಹಾಗಾಗಿ ಒಂದೊಂದು ಉಂಡೆಗೂ ಒಂದೊಂದು ಬಣ್ಣ.

ತಿನ್ನುವ ವಿಷಯದಲ್ಲಿ ಸ್ವಲ್ಪ ಬಿಗಿಯಾಗಿಯೇ ಹೇಳುತ್ತೇನೆ. ಪರಾಗದ ಅಲರ್ಜಿ, ಆಸ್ತಮಾ ಇರುವವರು ಮುಟ್ಟುವುದೇ ಬೇಡ. ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ, ಚಿಕ್ಕ ಮಕ್ಕಳಿಗೆ ಕೊಡಬೇಡಿ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಮೊದಲು ಡಾಕ್ಟರನ್ನು ಕೇಳಲಿ. ಉಳಿದವರೂ ಮೊದಲ ದಿನ ಒಂದೆರಡು ಕಾಳು ಬಾಯಿಗೆ ಹಾಕಿಕೊಂಡು ನೋಡಿ. ತುಟಿ ಊದಿದರೆ, ಗಂಟಲು ಕೆರೆದರೆ ಅಲ್ಲಿಗೇ ನಿಲ್ಲಿಸಿ. ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಏನೂ ಆಗದಿದ್ದರೆ ದಿನಕ್ಕೆ ಒಂದು ಚಿಕ್ಕ ಚಮಚದವರೆಗೆ ನಿಧಾನವಾಗಿ ಏರಿಸಿ. ಸರ್ವರೋಗಕ್ಕೂ ಮದ್ದು ಅನ್ನುವ ಮಾತನ್ನು ಮಾತ್ರ ನಂಬಬೇಡಿ, ಇದು ಆಹಾರ ಅಷ್ಟೇ.

ಪರಾಗದ ಹೊರಕವಚ ಗಟ್ಟಿ. ಸುಮ್ನೆ ನುಂಗುವ ಬದಲು ನೀರಿನಲ್ಲೋ ಮೊಸರಿನಲ್ಲೋ ಕೆಲವು ಗಂಟೆ ನೆನೆಸಿದರೆ ಜೀರ್ಣಕ್ಕೆ ಒಳ್ಳೆಯದು. ಕುದಿಯುವ ಹಾಲಿಗೆ ಹಾಕಬೇಡಿ. ಒಣಗಿದ್ದನ್ನು ಬಿಗಿ ಮುಚ್ಚಳದ ಗಾಜಿನ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡಿ. ತೆಗೆಯುವಾಗ ಚಮಚ ಒಣಗಿರಲಿ.