ಬರೆಯದೆ ಬಿಟ್ಟದ್ದನ್ನು ಮಕ್ಕಳಿಗೆ ಓದಿಸುವುದು ಹೇಗೆ?

ಪಾಠ ಓದಿಸಿ ‘ಸುಮಾ ಎಲ್ಲಿಗೆ ಓಡಿದಳು?’ ಎಂದು ಕೇಳಿ. ಇಡೀ ಕ್ಲಾಸು ‘ಅಂಗಳಕ್ಕೆ’ ಎನ್ನುತ್ತದೆ. ‘ಯಾಕೆ ಓಡಿದಳು?’ ಅಂದರೆ ಮಾತ್ರ ಎಲ್ಲರೂ ಪುಸ್ತಕದಲ್ಲಿ ಹುಡುಕಲು ಶುರು ಮಾಡುತ್ತಾರೆ. ಅಲ್ಲಿ ಉತ್ತರ ಬರೆದಿಲ್ಲ. ಕೊನೆಗೆ ಟೀಚರೇ ಹೇಳಿಬಿಡುತ್ತಾರೆ, ಮಕ್ಕಳು ಬರೆದುಕೊಳ್ಳುತ್ತಾರೆ. ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮ ಕ್ಲಾಸುಗಳಲ್ಲಿ ನಾನು ನೋಡುತ್ತಾ ಬಂದದ್ದು ಇದನ್ನೇ. ಮನೆಯಲ್ಲಿ ಓದಿಸುವ ಅಪ್ಪ ಅಮ್ಮಂದಿರೂ ಏನೂ ಕಮ್ಮಿ ಇಲ್ಲ.

ಮೊದಲು ಬೇಕಾದದ್ದು ನಾಲ್ಕೈದು ಸಾಲಿನ ಪ್ಯಾರಾ. ನೀವೇ ಬರೆಯಿರಿ. ಇಂಟರ್ನೆಟ್ಟಿನಿಂದ ಇಳಿಸಿದ ವರ್ಕ್‌ಶೀಟು ಬೇಡವೇ ಬೇಡ. ಅದರಲ್ಲಿ ಹುಡುಗ ಸ್ವೆಟರ್ ಹಾಕಿಕೊಂಡು ಹಿಮದಲ್ಲಿ ಆಡುತ್ತಾನೆ, ಇಲ್ಲಿನ ಕುಂಬಳೆ ಊರಿನ ಮಗು ಅದರಿಂದ ಏನನ್ನು ತಿಳಿದುಕೊಳ್ಳಬೇಕು? ನಾನು ನಾಲ್ಕನೇ ಕ್ಲಾಸಿಗೆ ಕೊಡುವುದು ಇಂಥದ್ದು:

‘ಅಜ್ಜಿ ಬಾಗಿಲಿಗೆ ಬಂದು ಆಕಾಶ ನೋಡಿದರು. ಚಾವಡಿಯಲ್ಲಿ ಓದುತ್ತಿದ್ದ ಸುಮಾ ಪುಸ್ತಕ ಬಿಟ್ಟು ಅಂಗಳಕ್ಕೆ ಓಡಿದಳು. “ಟರ್ಪಾಲು ಎಲ್ಲಿ?” ಎಂದು ಮಾವ ಕೂಗಿದರು. “ಇವತ್ತೂ ಒದ್ದೆಯಾದರೆ ಮುಗೀತು!”’

ಮಳೆ ಎಂಬ ಮಾತೇ ಇಲ್ಲ. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯ ಹೆಸರೂ ಇಲ್ಲ.

ಎರಡನೆಯದು, ಒಮ್ಮೆ ನೀವು ಓದಿ, ಒಮ್ಮೆ ಅವರು ಓದಲಿ.

ಮೂರನೆಯ ಹಂತದಲ್ಲೇ ಎಲ್ಲರೂ ಎಡವುವುದು. ‘ಅಂಗಳದಲ್ಲಿ ಏನಿತ್ತು?’ ಎಂದು ಕೇಳಿ, ಆಮೇಲೆ ಬಾಯಿ ಮುಚ್ಚಿಕೊಳ್ಳಿ. ಟೀಚರುಗಳು ಪ್ರಶ್ನೆ ಕೇಳಿ ಸಾಮಾನ್ಯವಾಗಿ ಒಂದೇ ಸೆಕೆಂಡು ಕಾಯುತ್ತಾರೆ, ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ನಾನಂತೂ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತೇನೆ.

ಉತ್ತರ ಬಂತು ಅನ್ನಿ, ‘ಅಡಿಕೆ’ ಅಂತ. ‘ಶಹಬ್ಬಾಸ್’ ಎಂದು ಮುಂದೆ ಹೋಗಬೇಡಿ. ‘ಹೇಗೆ ಗೊತ್ತಾಯಿತು? ಯಾವ ಮಾತಿನಿಂದ?’ ಎಂದು ಕೇಳಿ, ಆ ಮಾತಿನ ಮೇಲೆ ಬೆರಳಿಡಿಸಿ. ಇನ್ನೊಬ್ಬ ‘ಬಟ್ಟೆ’ ಎನ್ನುತ್ತಾನೆ. ತಪ್ಪು ಎನ್ನಬೇಡಿ. ‘ಬಟ್ಟೆಗೆ ಟರ್ಪಾಲು ಯಾಕೆ ಬೇಕು?’ ಎಂದು ಕೇಳಿದರೆ ಅವನೇ ಯೋಚಿಸುತ್ತಾನೆ: ಬಟ್ಟೆಯಾದರೆ ಎತ್ತಿಕೊಂಡು ಒಳಗೆ ಓಡಬಹುದು, ಅಲ್ವಾ? ಮೂರನೆಯವಳು ‘ಕರಿಮೆಣಸು’ ಎಂದರೆ ಒಪ್ಪಲೇಬೇಕು. ಪ್ಯಾರಾದಲ್ಲಿ ಅದಕ್ಕೆ ಅಡ್ಡಿಯಾಗುವ ಮಾತು ಒಂದೂ ಇಲ್ಲ. ಗೈಡಿನಲ್ಲಿ ಅಚ್ಚಾದ ಒಂದೇ ಉತ್ತರ ಕಲಿತವರಿಗೆ ಇದು ಕಿರಿಕಿರಿ. ಗೈಡನ್ನು ಬೀರುವಿನಲ್ಲಿಡಿ. ಹಾಗಂತ ಬಾಯಿಗೆ ಬಂದದ್ದೆಲ್ಲ ಸರಿಯಲ್ಲ. ‘ಸುಮಾಳಿಗೆ ಓದಲು ಬೇಜಾರು, ಅದಕ್ಕೇ ಓಡಿದಳು’ ಎಂದರೆ ಮತ್ತೆ ಅದೇ ಪ್ರಶ್ನೆ: ಯಾವ ಮಾತಿನಿಂದ?

ಇನ್ನು ‘ಇವತ್ತೂ’. ಇದನ್ನು ಬಿಟ್ಟು ಹೋಗುವ ಮಕ್ಕಳೇ ಜಾಸ್ತಿ. ಒಮ್ಮೆ ‘ಇವತ್ತು’ ಎಂದು, ಇನ್ನೊಮ್ಮೆ ‘ಇವತ್ತೂ’ ಎಂದು ಓದಿಸಿ, ಏನು ಬದಲಾಯಿತು ಕೇಳಿ. ‘ಮುಂಚೆಯೂ ಒಮ್ಮೆ ಒದ್ದೆಯಾಗಿತ್ತು!’ ಎಂದು ಹೊಳೆದಾಗ ಒಂದಿಬ್ಬರಾದರೂ ಕಿರುಚುತ್ತಾರೆ. ಕಿರುಚಲಿ ಬಿಡಿ. ಮಾವ ಯಾಕೆ ಅಷ್ಟು ಗಡಿಬಿಡಿ ಮಾಡಿದರು ಎಂಬುದು ಆಗ ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಉತ್ತರ ಯಾವ ಭಾಷೆಯಲ್ಲಿ ಬರಬೇಕು? ನಮ್ಮಲ್ಲಿ ಒಂದೇ ಬೆಂಚಿನಲ್ಲಿ ತುಳು, ಮಲಯಾಳಂ, ಬ್ಯಾರಿ, ಹವ್ಯಕ ಕನ್ನಡ ಆಡುವ ಮಕ್ಕಳು ಕೂತಿರುತ್ತಾರೆ. ‘ಬರ್ಸ ಬರ್ಪುಂಡು ಟೀಚರ್’ ಎಂದು ತುಳುವಿನಲ್ಲಿ ಹೇಳಿದವನನ್ನು ‘ಕನ್ನಡದಲ್ಲಿ ಹೇಳು’ ಎಂದು ಕೂರಿಸಬೇಡಿ. ಅವನಿಗೆ ಕತೆ ಅರ್ಥವಾಗಿದೆ. ಮೊದಲು ಒಪ್ಪಿ, ಆಮೇಲೆ ‘ಮಳೆ ಬರುತ್ತಿದೆ’ ಎಂದು ಕನ್ನಡದಲ್ಲಿ ಹೇಳಿಸಿ, ಬೋರ್ಡಿನಲ್ಲಿ ಬರೆಸಿ.

ಪೇಟೆಯ ಫ್ಲಾಟಿನ ಮಗು ಸುಮ್ನೆ ಕೂತರೆ ದಡ್ಡ ಅಂದುಕೊಳ್ಳಬೇಡಿ. ಅಡಿಕೆ ಒಣಗಲು ಸುಮಾರು 40 ದಿನ ಬಿಸಿಲು ಬೇಕು, ನಡುವೆ ನೆನೆದರೆ ಬೂಷ್ಟು ಹಿಡಿಯುತ್ತದೆ ಎಂದು ಅದಕ್ಕೆ ಯಾರೂ ಹೇಳಿಲ್ಲ. ಹೇಳಿ, ಪ್ಯಾರಾ ಮತ್ತೆ ಓದಿಸಿ. ತೋಟದ ಮನೆಯ ಮಕ್ಕಳಿಗೂ ಲಿಫ್ಟು ಕೆಟ್ಟ ಕತೆ ಕೊಟ್ಟರೆ ಇದೇ ಗತಿ.

ನಾಲ್ಕನೆಯದು ಸುಲಭ: ಮಕ್ಕಳೇ ಇಂಥ ಪ್ಯಾರಾ ಬರೆದು ಪಕ್ಕದವರಿಗೆ ಕೊಡಲಿ. ಮುಖ್ಯ ವಿಷಯದ ಹೆಸರು ಬರೆಯಬಾರದು, ಅಷ್ಟೇ ನಿಯಮ. ಚಿತ್ರದಿಂದ ಶುರು ಮಾಡುವ ಅಡ್ಡದಾರಿ ಒಂದಿದೆ, ಒಂದು-ಎರಡನೇ ಕ್ಲಾಸಿಗೆ ಚೆನ್ನಾಗಿಯೇ ಇದೆ. ದೊಡ್ಡವರಿಗೆ ಅದರಲ್ಲೇ ಕಾಲ ಕಳೆಯಬೇಡಿ.

ಮನೆಯಲ್ಲಿ ಮಾಡಿಸುವವರು ಒಂದು ಕತೆಗೆ ಎರಡು ಪ್ರಶ್ನೆಗಿಂತ ಹೆಚ್ಚು ಕೇಳಬಾರದು. ಪ್ರತಿ ಪುಟಕ್ಕೂ ‘ಹೇಗೆ ಗೊತ್ತಾಯಿತು?’ ಎಂದು ಪೀಡಿಸಿದರೆ ಮಗು ಪುಸ್ತಕವನ್ನೇ ಮುಟ್ಟುವುದಿಲ್ಲ.