ಗೇಮ್‌ಗೆ ನೆಲದ ಟೆಕ್ಸ್ಚರ್ ಮಾಡೋಕೆ ಯಾವ ಸಾಫ್ಟ್‌ವೇರ್?

ಶಿವಮೊಗ್ಗ ಕಡೆ ಗೇಮ್ ಮಾಡೋದು ಕಲಿಯುತ್ತಿರುವವರಿಗೆ ಒಂದು ಮಾತು. ಮೊದಲೇ ದುಡ್ಡು ಕೊಟ್ಟು ಸಬ್‌ಸ್ಕ್ರಿಪ್ಷನ್ ತಗೋಬೇಡಿ. ಟೆಕ್ಸ್ಚರ್ (ನೆಲದ ಮೇಲೆ ಹಾಸುವ ಚಿತ್ರ) ಮಾಡೋಕೆ ದುಡ್ಡು ಕೊಟ್ಟು ತಗೋಬೇಕಾದ ಸಬ್‌ಸ್ಟನ್ಸ್ ಡಿಸೈನರ್ ಒಳ್ಳೆಯದೇ, ಆದರೆ ನಿಮ್ಮ ನೆಲ ಹೇಗೆ ಕಾಣಬೇಕು ಅಂತ ಮೊದಲು ತೀರ್ಮಾನ ಮಾಡಿ.

ಕೈಯಲ್ಲಿ ಬಿಡಿಸಿದ ಹಾಗೆ ಕಾಣಬೇಕಾದರೆ ಉಚಿತವಾಗಿ ಸಿಗುವ ಕ್ರಿಟಾ ಅನ್ನೋ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಸಾಕು. ಅದರಲ್ಲಿ ಡಬ್ಲ್ಯೂ ಕೀ ಒತ್ತಿ ಬಿಡಿಸಿದರೆ ಎಡ ಅಂಚಿನಿಂದ ಹೊರಗೆ ಹೋದ ಗೀಟು ಬಲ ಅಂಚಿನಿಂದ ಒಳಗೆ ಬರುತ್ತದೆ, ಹಾಗಾಗಿ ನೆಲದ ತುಂಬ ಹಾಸಿದಾಗ ಜೋಡಣೆಯ ಗೆರೆ ಕಾಣಲ್ಲ. ನೋಡ್ (ಒಂದೊಂದು ಕೆಲಸ ಮಾಡುವ ಚಿಕ್ಕ ಡಬ್ಬಿ) ಜೋಡಿಸಿ ಮಣ್ಣು, ಕಲ್ಲು ಮಾಡೋರಿಗೆ ಮೆಟೀರಿಯಲ್ ಮೇಕರ್ ಇದೆ, ಅದೂ ಉಚಿತ.

ನಿಜವಾದ ಮಲೆನಾಡಿನ ನೆಲವೇ ಬೇಕಾ? ಫೋಟೋ ತೆಗೆಯಿರಿ. ಪಾಚಿ ಹಿಡಿದ ಜಂಬಿಟ್ಟಿಗೆ ಗೋಡೆ, ಕಾಡಿನ ತರಗೆಲೆ, ಕೆಂಪು ಮಣ್ಣಿನ ದಾರಿ, ಎಲ್ಲಾ ಸುತ್ತಮುತ್ತಲೇ ಇದೆ ಅಲ್ವಾ! ಮೋಡ ಮುಚ್ಚಿದ ದಿನವೇ ಒಳ್ಳೆಯದು, ಬಿಸಿಲಿನ ನೆರಳು ಫೋಟೋದಲ್ಲಿ ಉಳಿದರೆ ಗೇಮ್ ಒಳಗಿನ ಬೆಳಕಿಗೆ ತಾಳೆಯಾಗಲ್ಲ. ಆದರೆ ಮಳೆ ನಿಂತ ತಕ್ಷಣ ಬೇಡ. ಒದ್ದೆ ಕಲ್ಲು ಹೊಳೆಯುತ್ತದೆ, ನಿಜವಾದ ಬಣ್ಣ ಸಿಗಲ್ಲ. ಆಮೇಲೆ ಗಿಂಪ್ ಅನ್ನೋ ಫೋಟೋ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಆಫ್‌ಸೆಟ್ ಮಾಡಿ (ಅಂಚು ನಡುವಿಗೆ ಬರೋ ಹಾಗೆ ಸರಿಸಿ) ಅಂಚು ಸರಿಪಡಿಸಿ, ಮೆಟೀರಿಯಲೈಸ್ ಅನ್ನೋ ಸಾಫ್ಟ್‌ವೇರ್‌ಗೆ ಹಾಕಿದರೆ ಹೈಟ್ ಮ್ಯಾಪ್ (ಎತ್ತರ ತಗ್ಗು ತೋರಿಸುವ ಚಿತ್ರ), ನಾರ್ಮಲ್ ಮ್ಯಾಪ್ (ಮೇಲ್ಮೈ ಯಾವ ಕಡೆ ವಾಲಿದೆ ಅಂತ ತೋರಿಸುವ ಚಿತ್ರ) ಎರಡೂ ಸಿಗುತ್ತವೆ.

ನಾರ್ಮಲ್ ಮ್ಯಾಪ್ ಮಾತ್ರ ನೋಡಿಕೊಂಡು ಹಾಕಿ. ಗೇಮ್ ಎಂಜಿನ್‌ಗಳಲ್ಲಿ (ಗೇಮ್ ಕಟ್ಟುವ ಸಾಫ್ಟ್‌ವೇರ್) ಯೂನಿಟಿ, ಗೊಡೊ ಎರಡಕ್ಕೂ ಓಪನ್‌ಜಿಎಲ್ ರೀತಿಯದು ಬೇಕು, ಅನ್‌ರಿಯಲ್‌ಗೆ ಡೈರೆಕ್ಟ್‌ಎಕ್ಸ್ ರೀತಿಯದು; ಈ ಎರಡು ರೀತಿಯಲ್ಲಿ ಹಸಿರು ಚಾನೆಲ್ (ಚಿತ್ರದ ಹಸಿರು ಬಣ್ಣದ ಪದರ) ಒಂದಕ್ಕೊಂದು ಉಲ್ಟಾ ಇರುತ್ತದೆ. ಉಬ್ಬಿದ ಕಲ್ಲು ಗುಂಡಿ ಥರ ಕಂಡರೆ ಹಸಿರು ಚಾನೆಲ್ ಉಲ್ಟಾ ಮಾಡಿ, ಸರಿಹೋಗುತ್ತದೆ. ಟೆಕ್ಸ್ಚರ್ ಅಳತೆ ಸುಮ್ನೆ ಜಾಸ್ತಿ ಇಡಬೇಡಿ, ಮೊಬೈಲ್ ಗೇಮ್‌ಗೆ ಸಾಮಾನ್ಯವಾಗಿ 1024 ಪಿಕ್ಸೆಲ್ ಸಾಕು.